ಮೊದಲ ರೈಫಲ್ಲಿಗೆ ಯಾವ ಬೋರ್?

ಮೊನ್ನೆ ಮಲೆನಾಡಿನ ಒಂದು ಹಳ್ಳಿಗೆ ಬೆಳೆ ನೋಡಲು ಹೋಗಿದ್ದೆ. ಹಂದಿ ನುಗ್ಗಿ ಗದ್ದೆಯನ್ನು ಉತ್ತ ಹಾಗೆ ಮಾಡಿತ್ತು. ಗದ್ದೆಯ ಯಜಮಾನರು, "ಸ್ವಾಮಿ, ಈ ಸಲ ಅಡಿಕೆ ದುಡ್ಡು ಬಂದ ಕೂಡಲೇ ಒಂದು ರೈಫಲ್ಲೇ ತಗೊಂಡುಬಿಡೋಣ ಅಂತ. ಯಾವ ಬೋರಿಂದು ಒಳ್ಳೇದು?" ಎಂದು ಕೇಳಿದರು. "ಬೋರಿನ ಮಾತು ಆಮೇಲೆ ಯಜಮಾನರೇ. ಹಂದಿ ನಿಲ್ಲುವ ಜಾಗದ ಹಿಂದೆ ಏನಿದೆ, ಅದನ್ನು ಮೊದಲು ತೋರಿಸಿ" ಅಂದೆ. ಬದುವಿನ ಮೇಲೆ ನಿಂತು ನೋಡಿದೆವು. ಗದ್ದೆಯಾಚೆ ಹಳ್ಳ, ಹಳ್ಳದಾಚೆ ಕೂಲಿಯವರ ಮನೆಗಳು, ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ.

ಬೋರ್ ಎಂದರೆ ನಳಿಗೆಯ ಒಳ ಅಗಲ. ಪಾಯಿಂಟ್ ೩೧೫ ಎಂದರೆ ಒಂದು ಅಂಗುಲದ ಸಾವಿರ ಭಾಗದಲ್ಲಿ ೩೧೫ ಭಾಗ, ಸುಮಾರು ೮ ಮಿಲಿಮೀಟರ್. ರೈಫಲ್ಲಿನ ತೋಟಾಗಳಲ್ಲಿ ಎರಡು ಜಾತಿ. ಪಾಯಿಂಟ್ ೨೨ರಲ್ಲಿ ಕಿಡಿ ಹುಟ್ಟಿಸುವ ಮದ್ದು ತೋಟಾದ ತಳದ ಅಂಚಿನಲ್ಲೇ ಇರುತ್ತದೆ, ಇದು ರಿಮ್‌ಫೈರ್. ಅಂಚು ತೆಳ್ಳಗಿರುವುದರಿಂದ ಹೆಚ್ಚು ಒತ್ತಡ ತಡೆಯದು. ದೊಡ್ಡ ರೈಫಲ್ಲುಗಳಲ್ಲಿ ತಳದ ನಡುವೆ ಬೇರೆ ಕೇಪು ಕೂರಿಸಿರುತ್ತಾರೆ, ಇದು ಸೆಂಟರ್‌ಫೈರ್. ತಳ ದಪ್ಪ, ಮದ್ದು ಜಾಸ್ತಿ, ಗುಂಡೂ ಭಾರ. ಪಾಯಿಂಟ್ ೨೨ರ ಗುಂಡು ಸುಮಾರು ೨.೬ ಗ್ರಾಂ ಆದರೆ, ಪಾಯಿಂಟ್ ೩೧೫ರದು ಸುಮಾರು ೧೬ ಗ್ರಾಂ. ಆರು ಪಟ್ಟು!

ಈಗ ದೂರದ ಲೆಕ್ಕ ಕೇಳಿ. ಸಣ್ಣ ಚರೆ ೨೦೦-೩೦೦ ಮೀಟರಿನಲ್ಲಿ ನೆಲಕ್ಕೆ ಬೀಳುತ್ತದೆ. ದಪ್ಪ ಚರೆ ಇನ್ನೂ ಮುಂದೆ ಹೋಗುತ್ತದೆ. ಪುಟ್ಟದೆಂದು ಕಾಣುವ ಪಾಯಿಂಟ್ ೨೨ರ ಗುಂಡು ಒಂದೂವರೆ ಕಿಲೋಮೀಟರನ್ನೂ ದಾಟೀತು. ದೊಡ್ಡ ಸೆಂಟರ್‌ಫೈರ್ ಗುಂಡು ಮೂರು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಗುರಿ ತಪ್ಪಿದರೆ ಅದು ನಿಮ್ಮ ಗದ್ದೆಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಊರಿಗೆ ಹೋಗುತ್ತದೆ. ಆದ್ದರಿಂದ ಬೋರ್ ಆರಿಸುವಾಗ ಬಲ ನೋಡಬೇಡಿ. ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ.

ಇನ್ನು ಕೆಲಸಕ್ಕೆ ತಕ್ಕ ಕೋವಿ ಯಾವುದು? ಬೇಟೆಯ ಆಸೆಯನ್ನಂತೂ ಬಿಟ್ಟೇಬಿಡಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಕಾಡುಪ್ರಾಣಿಯ ಬೇಟೆ ಅಪರಾಧ. ಬೆಳೆ ಹಾಳುಮಾಡುವ ಪ್ರಾಣಿಯಾದರೂ ಅಷ್ಟೇ. ಕಾನೂನಿನಂತೆ ಅರಣ್ಯ ಅಧಿಕಾರಿಗಳ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಇದನ್ನು ಮರೆಯಬೇಡಿ.

ಬೆಳೆ ಕಾಯಲು ೧೯೫೯ರ ಆಯುಧ ಕಾಯಿದೆ ಹೇಳುವುದು ಕೇಪಿನ ಕೋವಿಯನ್ನು. ಅದು ಸಾಲದಿದ್ದರೆ ನುಣುಪು ನಳಿಗೆಯ ತೋಟಾ ಕೋವಿಯನ್ನು. ಗುರಿ ಕಲಿಯುವ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಅದೇ ಕಾಯಿದೆ ಹೇಳುವುದು ಏರ್ ರೈಫಲ್ ಅಥವಾ ಪಾಯಿಂಟ್ ೨೨. ಇದರಲ್ಲಿ ಕೀಳೇನಿಲ್ಲ. ೨೦೦೮ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು ಏರ್ ರೈಫಲ್ಲಿನಲ್ಲಿ. ೨೦೨೪ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಪಾಯಿಂಟ್ ೨೨ರಲ್ಲಿ. ಹೊಸಬರು ಮೊದಲೇ ದೊಡ್ಡ ಬೋರ್ ಹಿಡಿದರೆ ಹಿಂದೊದೆತಕ್ಕೆ ಹೆದರಿ ಕಣ್ಣು ಮುಚ್ಚುತ್ತಾರೆ, ಕುದುರೆಯನ್ನು ಜಗ್ಗುತ್ತಾರೆ. ಆ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ.

ಪಾಯಿಂಟ್ ೨೨ರಲ್ಲಿ ಕೈ ಪಳಗಿ, ಸೆಂಟರ್‌ಫೈರ್ ಬೇಕೇಬೇಕು ಎನ್ನುವವರಿಗೆ, ಲೈಸೆನ್ಸ್ ಸಿಕ್ಕರೆ, ಪಾಯಿಂಟ್ ೩೧೫ ಸಾಕು. ರೈಫಲ್ಲೂ ತೋಟಾವೂ ನಮ್ಮ ದೇಶದಲ್ಲೇ ತಯಾರಾಗುತ್ತವೆ. ೩೦-೦೬ ಅದಕ್ಕಿಂತ ಜೋರು. ಮೊದಲ ರೈಫಲ್ಲಿಗೆ ಅದು ಬೇಡ. ಪಾಯಿಂಟ್ ೩೦೩ ನಿಷೇಧಿತ ಬೋರ್. ಅಗ್ಗಕ್ಕೆ ಯಾರಾದರೂ ಕೊಡುತ್ತೇನೆಂದರೂ ಮುಟ್ಟಬೇಡಿ. ನಳಿಗೆಯ ಮೇಲೆ ಬರೆದ ಬೋರಿನ ತೋಟಾವನ್ನೇ ಹಾಕಿ. "ಹೆಚ್ಚುಕಡಿಮೆ ಅದೇ ಸೈಜು" ಎಂದು ಬೇರೆ ತೋಟಾ ತುರುಕಿದರೆ ಕೋವಿ ಮುಖದ ಮುಂದೆಯೇ ಸಿಡಿದೀತು. ಹೊಡೆಯುವುದು ಗುರಿಯ ಮೈದಾನದಲ್ಲೇ ಆಗಲಿ. ಹಿಂದೆ ಎತ್ತರದ ಮಣ್ಣಿನ ಧರೆ ಇರಲಿ. ಕಲ್ಲಿಗೂ ನೀರಿಗೂ ತಗುಲಿದ ಗುಂಡು ಪುಟಿದು ಬೇರೆ ದಿಕ್ಕಿಗೆ ಹೋಗುತ್ತದೆ. ಮನೆಯಲ್ಲಿ ಕೋವಿಗೊಂದು ಬೀಗ, ತೋಟಾಕ್ಕೊಂದು ಬೀಗ. ಬೀಗದ ಕೈ ಮಕ್ಕಳಿಗೆ ಸಿಗಬಾರದು.

ಕೊಡಗಿನವರು, "ನಮಗೆ ಲೈಸೆನ್ಸೇ ಬೇಡವಲ್ಲ!" ಎನ್ನಬಹುದು. ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ೨೦೧೯ರಲ್ಲಿ ಮತ್ತೆ ೨೦೨೯ರ ವರೆಗೆ ಮುಂದುವರಿಸಿದ್ದಾರೆ. ಆದರೆ ವಿನಾಯಿತಿ ಲೈಸೆನ್ಸಿಗೆ, ಬೇಟೆಗಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವಾಗಲೂ ಕಾಯಿಯ ಹಿಂದೆ ಏನಿದೆ ಎಂದು ನೋಡಲೇಬೇಕು.

ನಮ್ಮ ಯಜಮಾನರು ಆ ಕಾಲುದಾರಿಯನ್ನು ಬಹಳ ಹೊತ್ತು ನೋಡಿದರು. "ನನ್ನ ಮೊಮ್ಮಗಳೂ ಅದೇ ದಾರೀಲೇ ಬರೋದು" ಅಂದರು. ರೈಫಲ್ಲಿನ ಮಾತು ಅಲ್ಲಿಗೇ ನಿಂತಿತು. ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಬರೆದೆವು. ಬೇಲಿಯ ಲೆಕ್ಕ ಹಾಕಿದೆವು. ನೀವೂ ಕೋವಿಯ ಅಂಗಡಿಗೆ ಹೋಗುವ ಮುನ್ನ ಒಮ್ಮೆ ನಿಮ್ಮ ಬದುವಿನ ಮೇಲೆ ನಿಂತು ನೋಡಿ.