ಸಿಡ್ನಿ ಒಪೇರಾ ಹೌಸ್: ಚಾವಣಿಯ ರಚನೆ ಮತ್ತು ರಂಗಸ್ಥಳದ ಇಕ್ಕಟ್ಟು

ಆಧುನಿಕ ರಂಗಮಂದಿರಗಳ ವಾಸ್ತುವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅವುಗಳ ಹೊರನೋಟದ ವರ್ಣನೆಯಲ್ಲಿಯೇ ಮುಗಿದುಹೋಗುತ್ತದೆ. ಆ ರೂಪ ಹೇಗೆ ನಿಂತಿದೆ, ಅದಕ್ಕಾಗಿ ರಂಗಸ್ಥಳ ಏನನ್ನು ಬಿಟ್ಟುಕೊಟ್ಟಿದೆ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಈ ದೃಷ್ಟಿಯಿಂದ ಆಸ್ಟ್ರೇಲಿಯದ ಸಿಡ್ನಿ ಒಪೇರಾ ಹೌಸ್ ಪರಿಶೀಲನಾರ್ಹವಾಗಿದೆ.

1957ರ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸಾನ್ ಅವರ ವಿನ್ಯಾಸ ಆಯ್ಕೆಯಾದಾಗ ಚಾವಣಿಯ ವಕ್ರತೆಗೆ ನಿಖರವಾದ ಗಣಿತದ ಆಧಾರವಿರಲಿಲ್ಲ. ಓವ್ ಅರಪ್ ಅವರ ಇಂಜಿನಿಯರುಗಳು ಪರವಲಯ, ದೀರ್ಘವೃತ್ತ ಮೊದಲಾದ ಆಕೃತಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 1961ರಲ್ಲಿ ದೊರೆತ ಪರಿಹಾರ ಅಚ್ಚರಿಯಾಗುವಷ್ಟು ಸರಳ: ಎಲ್ಲ ಚಾವಣಿಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿದ ಹೋಳುಗಳೆಂದು ಭಾವಿಸುವುದು. ಗೋಳದ ವಕ್ರತೆ ಎಲ್ಲೆಡೆಯೂ ಒಂದೇ ಆದುದರಿಂದ ಅವೇ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಿ 2194 ಕಾಂಕ್ರೀಟ್ ಖಂಡಗಳನ್ನು ನೆಲದ ಮೇಲೆಯೇ ಎರಕ ಹೊಯ್ಯಲು ಸಾಧ್ಯವಾಯಿತು. ಇವನ್ನು ಕ್ರೇನುಗಳಿಂದ ಮೇಲೆತ್ತಿ, ಉಕ್ಕಿನ ಕಮಾನಿನ ತಾತ್ಕಾಲಿಕ ಆಸರೆಯಲ್ಲಿ ಜೋಡಿಸಿ, ಸಂದುಗಳಿಗೆ ಎಪಾಕ್ಸಿ ಅಂಟು ಹಚ್ಚಿ, ಒಳಗೆ ಹಾಯಿಸಿದ ಉಕ್ಕಿನ ತಂತಿಗಳನ್ನು ಬಿಗಿದು ಪಕ್ಕೆಲುಬುಗಳನ್ನು ರೂಪಿಸಲಾಯಿತು. ಹೀಗಾಗಿ ರೂಢಿಯಲ್ಲಿ 'ಚಿಪ್ಪು' ಎನಿಸಿಕೊಂಡಿರುವುದು ರಚನಾಶಾಸ್ತ್ರದ ಪ್ರಕಾರ ಚಿಪ್ಪಲ್ಲ; ಗಾಥಿಕ್ ಇಗರ್ಜಿಗಳ ಪಕ್ಕೆಲುಬಿನ ಕಮಾನುಗಳಿಗೆ ಅದು ಹೆಚ್ಚು ಹತ್ತಿರದ್ದು. ಮೇಲ್ಹೊದಿಕೆಯಾಗಿರುವುದು ಸ್ವೀಡನ್ನಿನಲ್ಲಿ ತಯಾರಾದ 10,56,006 ಪಿಂಗಾಣಿ ಬಿಲ್ಲೆಗಳು. ಹೊಳಪಿನ ಬಿಳಿ ಮತ್ತು ಹೊಳಪಿಲ್ಲದ ಕೆನೆಬಣ್ಣ ಎರಡೂ ಬೆರೆತಿರುವುದರಿಂದ ಅದು ಬಿಸಿಲಿನಲ್ಲಿಯೂ ಕಣ್ಣು ಕುಕ್ಕುವುದಿಲ್ಲ.

ಆದರೆ ಚಾವಣಿಯ ಲೆಕ್ಕಾಚಾರ ಮುಗಿಯುವುದಕ್ಕೆ ಮೊದಲೇ, 1959ರಲ್ಲಿ, ಕಾಮಗಾರಿ ಆರಂಭವಾಗಿತ್ತು. ಈ ಆತುರಕ್ಕೆ ರಾಜಕೀಯ ಕಾರಣಗಳಿದ್ದವು. ಫಲವಾಗಿ, ಕಟ್ಟಿದ್ದ ಕಂಬಗಳು ಹೊಸ ಭಾರಕ್ಕೆ ಸಾಲದೆ ಅವನ್ನು ಒಡೆದು ಮತ್ತೆ ಕಟ್ಟಬೇಕಾಯಿತು.

ರಂಗಕರ್ಮಿಗಳ ಕಡೆಯಿಂದ ನೋಡಿದರೆ ಇನ್ನೂ ಗಂಭೀರವಾದ ತೊಡಕು ಬೇರೆಡೆ ಇದೆ. ಎರಡು ಮುಖ್ಯ ಸಭಾಂಗಣಗಳನ್ನು ಕಿರಿದಾದ ಭೂಶಿರದ ಮೇಲೆ ಅಕ್ಕಪಕ್ಕದಲ್ಲಿ ಇರಿಸಿದ್ದರಿಂದ ರಂಗಸ್ಥಳದ ಬದಿಗಳಲ್ಲಿ ದೃಶ್ಯಸಜ್ಜಿಕೆಯನ್ನು ಸರಿಸಿಡಲು ಸಾಕಷ್ಟು ಸ್ಥಳ ಉಳಿಯಲಿಲ್ಲ. ಅದನ್ನು ಕೆಳಗಿನಿಂದ ಲಿಫ್ಟುಗಳ ಮೂಲಕ ಎತ್ತಿ ತರುವುದು ಉಟ್ಸಾನ್ ಅವರ ಉಪಾಯವಾಗಿತ್ತು. 1966ರಲ್ಲಿ ಅವರು ಸರ್ಕಾರದೊಡನೆ ಭಿನ್ನಾಭಿಪ್ರಾಯ ಬಂದು ಹೊರನಡೆದ ಮೇಲೆ, ಒಪೇರಾ ಮತ್ತು ವಾದ್ಯಗೋಷ್ಠಿ ಎರಡಕ್ಕೂ ಉದ್ದೇಶಿತವಾಗಿದ್ದ ದೊಡ್ಡ ಸಭಾಂಗಣವನ್ನು ವಾದ್ಯಗೋಷ್ಠಿಗೆಂದೇ ಮಾರ್ಪಡಿಸಲಾಯಿತು. ಆಗಲೇ ಅಳವಡಿಸಿದ್ದ ರಂಗಯಂತ್ರಗಳನ್ನು ಕಿತ್ತುಹಾಕಲಾಯಿತು. ಒಪೇರಾ ಎಂಬ ಹೆಸರನ್ನೇ ಹೊತ್ತ ಕಟ್ಟಡದಲ್ಲಿ ಒಪೇರಾಕ್ಕೆ ದಕ್ಕಿದ್ದು ಚಿಕ್ಕ ಸಭಾಂಗಣ. ಅದರ ವಾದ್ಯವೃಂದದ ಕುಳಿಯೂ ಇಕ್ಕಟ್ಟಿನದು.

1973ರಲ್ಲಿ ಉದ್ಘಾಟನೆಗೊಂಡ ಈ ಕಟ್ಟಡ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೂ ದೊಡ್ಡ ಸಭಾಂಗಣದ ಶ್ರವ್ಯಗುಣದ ಬಗೆಗಿನ ದೂರುಗಳು ನಿಲ್ಲಲಿಲ್ಲ. 2020ರಲ್ಲಿ ಅದನ್ನು ಮುಚ್ಚಿ, ವೇದಿಕೆಯನ್ನು ತಗ್ಗಿಸಿ, ಧ್ವನಿ ಪ್ರತಿಫಲಕಗಳನ್ನು ಬದಲಿಸಿ, 2022ರಲ್ಲಿ ಮತ್ತೆ ತೆರೆಯಲಾಯಿತು.