ಬಾಳೆಹಣ್ಣಿನ ವಾಸನೆ ಬಗ್ಗಾ, ಫೀಚರಾ? ಕ್ರಾಫ್ಟ್ ಬಿಯರ್ ರುಚಿ ನೋಡೋದು, ರಿವ್ಯೂ ಬರೆಯೋದು

ಹೋದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಆಫೀಸಲ್ಲಿ ಕೂತು ವಿಡಿಯೋ ನೋಡೋಕಾಗಲ್ಲ, ಓದೋಕೆ ಕೊಡಿ ಅಂತ ಕೆಲವರು ಕೇಳಿದ್ರಿ. ಅವಸರದಲ್ಲಿ ಬಿಟ್ಟುಹೋಗಿದ್ದ ಎರಡು ಮೂರು ವಿಷಯಾನೂ ಸೇರಿಸಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ಕುಡಿಯೋ ಅಭ್ಯಾಸ ಇಲ್ಲದವರು ಇದನ್ನ ಓದಿ ಶುರು ಮಾಡೋದು ಬೇಡ. ಈಗಾಗಲೇ ಶುಕ್ರವಾರ ಸಂಜೆ ಟೀಮ್ ಜೊತೆ ಮೈಕ್ರೋಬ್ರೂವರಿಗೆ ಹೋಗ್ತಾ, ಬೋರ್ಡ್ ಮೇಲಿನ ಹೆಸರು ನೋಡಿ ಕಣ್ ಕಣ್ ಬಿಡೋರಿಗೆ ಮಾತ್ರ ಈ ಬರಹ.

ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಊರು ದಾವಣಗೆರೆ. ಈ ವಿವರ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ. ಊರಲ್ಲಿ ನಾನು ನೋಡಿದ್ದು ಒಂದೇ ಥರದ ಬಿಯರ್: ಹಳದಿ ಬಣ್ಣ, ಹಲ್ಲು ಜುಮ್ ಅನ್ನೋಷ್ಟು ತಣ್ಣಗೆ, 650 ಎಂಎಲ್ ಬಾಟಲಿ. ಪುಣೆ ಬೇರೆಯೇ ಲೋಕ. ನಮ್ಮ ದೇಶದಲ್ಲಿ ಮೈಕ್ರೋಬ್ರೂವರಿ ಕಾಲಿಟ್ಟ ಮೊದಮೊದಲ ಊರುಗಳಲ್ಲಿ ಇದೂ ಒಂದು. ಡೂಲಾಲಿ ಇಲ್ಲಿ ಶುರುವಾಗಿದ್ದು 2009ರಲ್ಲಿ. ಮರುವರ್ಷ ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಬಂತು, ಆಮೇಲೆ ಅದು ಪುಣೆಗೂ ಬಂತು. ಈಗ ಇಲ್ಲಿ ಒಂದೊಂದು ಬಡಾವಣೆಗೆ ಒಂದೊಂದು ಅನ್ನೋ ಹಾಗಾಗಿದೆ.

ನಾನೂ ಎಲ್ಲರ ಹಾಗೆ ಫೋನಲ್ಲಿ ರೇಟಿಂಗ್ ಆ್ಯಪ್ ಹಾಕಿಕೊಂಡೆ. ಕುಡಿದೆ, ಸ್ಟಾರ್ ಕೊಟ್ಟೆ, ಒಂದು ಸಾಲು ಬರೆದೆ. ಒಂದು ಚಿಕ್ಕ ಬ್ರೂವರಿಯ ಗೋಧಿ ಬಿಯರ್‌ಗೆ ಎರಡು ಸ್ಟಾರ್ ಕೊಟ್ಟು, "ಹಾಳಾಗಿದೆ, ಕಳಿತ ಬಾಳೆಹಣ್ಣಿನ ವಾಸನೆ" ಅಂತ ಬರೆದಿದ್ದೆ. ಅದಕ್ಕೆ ಮೂವತ್ತು ಚಿಲ್ಲರೆ ಲೈಕ್ ಬೇರೆ ಬಂದಿತ್ತು. ಅದೇ ತಿಂಗಳು ಬೇರೊಂದು ಕಡೆಯ ಲಾಗರ್‌ಗೆ ನಾಲ್ಕೂವರೆ ಕೊಟ್ಟು, ಆಹಾ, ಬೆಣ್ಣೆಯಂಥ ಪರಿಮಳ ಅಂತ ಹೊಗಳಿದ್ದೆ.

ಎರಡೂ ತಲೆಕೆಳಗು.

ಗೊತ್ತಾಗಿದ್ದು ಕೆಲವು ತಿಂಗಳು ಆದಮೇಲೆ. ಜನ ಕಡಿಮೆ ಇದ್ದ ಒಂದು ಮಂಗಳವಾರ ಆ ಮೊದಲನೇ ಬ್ರೂವರಿಗೆ ಹೋಗಿದ್ದೆ. ಬೋರ್ಡಿನಲ್ಲಿ ಗೋಧಿ ಬಿಯರ್ ಕಾಣಲಿಲ್ಲ, ಸುಮ್ನೆ ಕೇಳಿದೆ. ಬಿಯರ್ ತಯಾರಿಸೋ ಹುಡುಗಿಯೇ ಕೌಂಟರ್ ಹತ್ರ ಇದ್ದಳು. "ತೆಗೆದ್ವಿ ಸರ್. ಬಾಳೆಹಣ್ಣಿನ ವಾಸನೆ ಅಂತ ಜನ ಬರೀತಿದ್ರು, ಓನರ್ ಬೇಡ ಅಂದ್ರು" ಅಂದಳು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಬರೆದ ಜನದಲ್ಲಿ ನಾನೂ ಒಬ್ಬ ಅಂತ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಒಳಗಿಂದ ತನಗೆ ಅಂತ ಇಟ್ಟುಕೊಂಡಿದ್ದ ಅದೇ ಬಿಯರ್ ಒಂದು ಚಿಕ್ಕ ಗ್ಲಾಸ್ ತಂದು ಮುಂದಿಟ್ಟು, "ಬಾಳೆಹಣ್ಣು ಬಿಟ್ಟು ಇನ್ನೇನು ಸಿಗುತ್ತೆ, ಮೂಸಿ" ಅಂದಳು. ಮೂಸಿದೆ. ಲವಂಗ!

ಆ ಬಿಯರ್‌ನ ಹೆಸರು ಹೆಫೆವೈಜನ್, ಜರ್ಮನಿಯ ಬವೇರಿಯಾ ಕಡೆಯದು. ಅದಕ್ಕೆ ಬಾಳೆಹಣ್ಣೂ ಹಾಕಲ್ಲ, ಲವಂಗಾನೂ ಹಾಕಲ್ಲ. ಎರಡನ್ನೂ ಹುಟ್ಟಿಸೋದು ಯೀಸ್ಟ್. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಅನ್ನೋ ರಾಸಾಯನಿಕದ್ದು. ನಿಜವಾದ ಬಾಳೆಹಣ್ಣಿನಲ್ಲೂ ಅದೇ ಇರುತ್ತೆ, ಬಾಳೆಹಣ್ಣಿನ ಫ್ಲೇವರ್ ಅಂತ ಮಾರೋ ಪೆಪ್ಪರ್‌ಮೆಂಟಲ್ಲೂ ಅದೇ. ಲವಂಗದ ಘಮ ಇನ್ನೊಂದರದ್ದು, ಅದರ ಹೆಸರು 4-ವಿನೈಲ್ ಗ್ವಾಯಕೋಲ್. ಹುದುಗು ಬರೋವಾಗ ಸ್ವಲ್ಪ ಬೆಚ್ಚಗಿದ್ರೆ ಬಾಳೆಹಣ್ಣು ಮೇಲಾಗುತ್ತೆ, ತಂಪಾಗಿದ್ರೆ ಲವಂಗ ಎದ್ದು ಕಾಣುತ್ತೆ. ಇವೆರಡರ ತೂಕ ಸರಿಮಾಡೋದೇ ಆ ಬಿಯರ್ ಮಾಡೋರ ಕೈಚಳಕ. ನಾನು ಎರಡು ಸ್ಟಾರ್ ಕೊಟ್ಟಿದ್ದು ಆ ಕೈಚಳಕಕ್ಕೇ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದದೇ ಬಗ್ ಹಾಕಿದ ಟೆಸ್ಟರ್ ನಾನು. ಬಿಯರ್‌ನಲ್ಲಿ ಆ ಡಾಕ್ಯುಮೆಂಟಿಗೆ 'ಸ್ಟೈಲ್' ಅಂತಾರೆ. ಅಮೆರಿಕದಲ್ಲಿ ಬಿಜೆಸಿಪಿ ಅನ್ನೋ ಸಂಸ್ಥೆ ಇದೆ, ಬಿಯರ್ ಸ್ಪರ್ಧೆಗಳ ತೀರ್ಪುಗಾರರಿಗೆ ಪರೀಕ್ಷೆ ಇಡೋದು ಅದರ ಕೆಲಸ. ಪ್ರತಿ ಸ್ಟೈಲ್‌ನಲ್ಲಿ ಯಾವ ವಾಸನೆ ಇರಬೇಕು, ಯಾವುದು ಇರಬಾರದು, ಕಹಿ ಎಷ್ಟಿರಬೇಕು ಅಂತ ಅವರು ಬರೆದಿಟ್ಟಿದ್ದಾರೆ, ಯಾರು ಬೇಕಾದ್ರೂ ಪುಕ್ಕಟೆ ಓದಬಹುದು. ಉದಾಹರಣೆಗೆ ಕಹಿ ಅಳೆಯೋ ಮಾನ ಐಬಿಯು. ಹೆಫೆವೈಜನ್‌ಗೆ 8ರಿಂದ 15, ಅಮೆರಿಕನ್ ಐಪಿಎಗೆ 40ರಿಂದ 70. ಐಪಿಎ ಕುಡಿದು "ಸಿಕ್ಕಾಪಟ್ಟೆ ಕಹಿ" ಅಂತ ಒಂದು ಸ್ಟಾರ್ ಕೊಡೋದು, ಹಾಗಲಕಾಯಿ ಗೊಜ್ಜು ತಿಂದು ಅದೇ ದೂರು ಹೇಳಿದ ಹಾಗೆ. ನಿಮಗೆ ಇಷ್ಟ ಆಗದೇ ಇರಬಹುದು, ಅದು ಬೇರೆ ಮಾತು. "ನನಗೆ ಹಿಡಿಸಲಿಲ್ಲ" ಅಂತ ಬರೀರಿ, "ಹಾಳಾಗಿದೆ" ಅಂತ ಬೇಡ. ನಾಲ್ಕು ಟ್ಯಾಂಕ್ ಇಟ್ಟುಕೊಂಡಿರೋ ಚಿಕ್ಕ ಬ್ರೂವರಿಗೆ ಆ ಒಂದು ಸಾಲಿನಿಂದ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ.

ಈಗ ಬೆಣ್ಣೆ ವಿಷಯಕ್ಕೆ ಬರೋಣ. ಆ ನಾಲ್ಕೂವರೆ ಸ್ಟಾರ್ ರಿವ್ಯೂ ನೋಡಿ ನಮ್ಮ ಟೀಮಿನ ಧಾರವಾಡದ ಗೆಳೆಯ ಬಿದ್ದು ಬಿದ್ದು ನಕ್ಕ. "ಬೆಣ್ಣಿ ದ್ವಾಸಿ ಊರಾಂವ ನೀ, ಬೆಣ್ಣಿ ವಾಸನಿ ಬಂದ್ರ ಸಾಕು, ಕಣ್ಣು ಮುಚ್ಚಿ ಮಾರ್ಕ್ಸ್ ಹಾಕ್ತಿ ನೋಡು" ಅಂದ. ಅವನು ಹೇಳಿದ್ದು ಸರಿ ಇತ್ತು. ಲಾಗರ್‌ನಲ್ಲಿ ಬೆಣ್ಣೆ ವಾಸನೆ ಬಂದ್ರೆ ಅದು ಡಯಾಸಿಟೈಲ್. ಸಿನಿಮಾ ಮಂದಿರದ ಪಾಪ್‌ಕಾರ್ನ್ ನೆನಪಿಸಿಕೊಳ್ಳಿ, ಅದೇ. ಹುದುಗು ಬರೋವಾಗ ಎಲ್ಲ ಬಿಯರ್‌ನಲ್ಲೂ ಇದು ಹುಟ್ಟುತ್ತೆ. ಕೊನೆಯಲ್ಲಿ ಯೀಸ್ಟೇ ಅದನ್ನ ವಾಪಸ್ ನುಂಗಿ ಚೊಕ್ಕ ಮಾಡುತ್ತೆ, ಆದ್ರೆ ಅದಕ್ಕೆ ಎರಡು ಮೂರು ದಿನ ಜಾಸ್ತಿ, ಸ್ವಲ್ಪ ಬೆಚ್ಚಗೆ ಬಿಡಬೇಕು. ವಾರಾಂತ್ಯಕ್ಕೆ ಬಿಯರ್ ಸಾಲಲ್ಲ, ಟ್ಯಾಂಕ್ ಖಾಲಿ ಮಾಡಿ ಅಂತ ಮೇಲಿಂದ ಒತ್ತಡ ಬಂತು ಅಂದ್ಕೊಳ್ಳಿ, ಆ ಎರಡು ದಿನವೇ ಮೊದಲು ಕತ್ತರಿ ಬೀಳೋದು. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ತಳ್ಳಿದ ರಿಲೀಸ್ ಥರ. ಜಾಗ್ರತೆ ಇರೋ ಬ್ರೂವರ್ ಏನು ಮಾಡ್ತಾರೆ ಅಂದ್ರೆ, ಸ್ವಲ್ಪ ಬಿಯರ್ ತೆಗೆದು ಮುಚ್ಚಿ, 60 ಡಿಗ್ರಿ ಆಸುಪಾಸು ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆರಿಸಿ ಮೂಸ್ತಾರೆ. ಇನ್ನೂ ಅಡಗಿರೋ ಬೆಣ್ಣೆ ಅಲ್ಲಿ ಹೊರಗೆ ಬಂದುಬಿಡುತ್ತೆ. ಬಂದ್ರೆ ರಿಲೀಸ್ ಇಲ್ಲ.

ಆದ್ರೆ ಇಲ್ಲೂ ಅವಸರ ಬೇಡ. ಅದೇ ಬೆಣ್ಣೆ ವಾಸನೆ ನಲ್ಲಿಯ ಪೈಪ್ ಸರಿಯಾಗಿ ತೊಳೆಯದೇ ಬ್ಯಾಕ್ಟೀರಿಯಾ ಕೂತಿದ್ರೂ ಬರುತ್ತೆ. ಆಗ ತಪ್ಪು ಬಿಯರ್ ಮಾಡಿದವರದ್ದಲ್ಲ, ಬಡಿಸಿದವರದ್ದು. ಇಂಗ್ಲೆಂಡಿನ ಕೆಲವು ಏಲ್‌ಗಳಲ್ಲಿ ಒಂಚೂರು ಡಯಾಸಿಟೈಲ್ ನಡೆಯುತ್ತೆ ಕೂಡ. ಮತ್ತೆ ಅದೇ ಪ್ರಶ್ನೆ: ಸ್ಪೆಕ್ ಏನು ಹೇಳುತ್ತೆ?

ಈ ವಾಸನೆಗಳನ್ನ ಕಲಿಯೋಕೆ ಸಿಗೋ ಪಟ್ಟಿಗಳೆಲ್ಲ ಬೇರೆ ದೇಶದವರು ಬರೆದಿದ್ದು. ಬಿಸಿಲು ಬಿದ್ದ ಬಿಯರ್‌ಗೆ 'ಸ್ಕಂಕ್' ವಾಸನೆ ಅಂತಾರೆ. ಆ ಪ್ರಾಣಿಯನ್ನ ನಾವ್ಯಾರೂ ನೋಡಿಲ್ಲ, ಮೂಸೋದು ದೂರದ ಮಾತು! (ಬೆಳಕು ಬಿದ್ರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ನಾತ ಹುಟ್ಟುತ್ತೆ, ಕಂದು ಬಾಟಲಿ ಇದನ್ನ ತಡೆಯುತ್ತೆ, ಹಸಿರು ಬಾಟಲಿ ಅಷ್ಟಾಗಿ ತಡೆಯಲ್ಲ. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿರೋ ಹಸಿರು ಬಾಟಲಿ ತಗೋಬೇಡಿ.) ನಮ್ಮ ಅಡುಗೆಮನೆ ಇದಕ್ಕಿಂತ ಒಳ್ಳೇ ಪಟ್ಟಿ. ಬೆಲ್ಜಿಯಂನ ವಿಟ್‌ಬಿಯರ್ ತಗೊಳ್ಳಿ. ಆ ಸ್ಟೈಲ್ ಸತ್ತೇ ಹೋಗಿತ್ತು, 1960ರ ದಶಕದಲ್ಲಿ ಹೂಗಾರ್ಡನ್ ಊರಲ್ಲಿ ಹಾಲು ಮಾರ್ತಿದ್ದ ಪಿಯರ್ ಸೆಲಿಸ್ ಅನ್ನೋರು ಅದನ್ನ ಮತ್ತೆ ಬದುಕಿಸಿದ್ರು. ಅದಕ್ಕೆ ಹಾಕೋದು ಕಿತ್ತಳೆ ಸಿಪ್ಪೆ ಮತ್ತೆ ಕೊತ್ತಂಬರಿ ಬೀಜ. ಸಾರಿನ ಪುಡಿಗೆ ಧನಿಯಾ ಹುರಿಯೋದನ್ನ ಮೂಸಿ ಬೆಳೆದವರಿಗೆ ಅದನ್ನ ಗುರುತಿಸೋಕೆ ಕೋರ್ಸ್ ಬೇಕಾ? ಸ್ಟೌಟ್‌ನಲ್ಲಿ ಫಿಲ್ಟರ್ ಕಾಫಿ ಡಿಕಾಕ್ಷನ್ ಸಿಗುತ್ತೆ. ಹಳೇದಾಗಿ ಗಾಳಿ ತಾಗಿದ ಬಿಯರ್ ಒದ್ದೆ ರಟ್ಟಿನ ಥರ, ಪುಣೆ ಮಳೆಯಲ್ಲಿ ನೆಂದ ಕೊರಿಯರ್ ಡಬ್ಬಿ ನಾರುತ್ತಲ್ಲ, ಹಾಗೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಜೋರಾಗಿದ್ರೆ ಕುದಿಸಿದ್ದು ಸಾಲದಾಗಿದೆ ಅಂತ ಅನುಮಾನ ಪಡಬಹುದು.

ಇನ್ನೊಂದು ನನಗೆ ತುಂಬಾ ಇಷ್ಟ: ಕಹಿ ಮತ್ತು ಒಗರು. ಇಂಗ್ಲಿಷ್ ರಿವ್ಯೂಗಳಲ್ಲಿ ಬಹಳ ಜನ ಎರಡಕ್ಕೂ 'ಬಿಟರ್' ಅಂತಲೇ ಬರೆದುಬಿಡ್ತಾರೆ. ನಮಗೆ ಚಿಕ್ಕಂದಿನಿಂದ ಎರಡು ಬೇರೆ ಪದ. ಮೆಂತ್ಯ ಕಹಿ, ಬಾಳೆಕಾಯಿ ಒಗರು. ಬಿಯರ್‌ನಲ್ಲಿ ಕಹಿ ಬರೋದು ಹಾಪ್ಸ್ ಕುದಿಸಿದಾಗ, ಅದು ಬೇಕು ಅಂತಲೇ ಹಾಕಿದ್ದು. ಒಗರು ಬರೋದು ಸಾಮಾನ್ಯವಾಗಿ ಮಾಲ್ಟ್‌ನ ಹೊಟ್ಟಿನಿಂದ. ಮಾಲ್ಟ್ ತೊಳೆಯೋ ನೀರು 77 ಡಿಗ್ರಿಗಿಂತ ಬಿಸಿಯಾದ್ರೆ ಹೊಟ್ಟಿನಲ್ಲಿರೋ ಟ್ಯಾನಿನ್ ಬಿಡೋಕೆ ಶುರುವಾಗುತ್ತೆ, ಟೀ ಸೊಪ್ಪನ್ನ ಅತಿಯಾಗಿ ಕುದಿಸಿದ ಹಾಗೆ. ನಾಲಿಗೆ ಒಣಗಿ ಹಿಂಡಿದ ಹಾಗಾದ್ರೆ ಅದು ಒಗರು, ಬಹುಪಾಲು ಸ್ಟೈಲ್‌ಗಳಲ್ಲಿ ತಪ್ಪು. ಹೀಗೆ ಬರೆದ ಒಂದು ಸಾಲು ಬ್ರೂವರ್‌ಗೆ ನಿಜವಾದ ಬಗ್ ರಿಪೋರ್ಟ್, ಯಾವ ಹಂತದಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಾಗುತ್ತೆ.

ರುಚಿ ನೋಡೋ ಕ್ರಮ ಅಂಥ ದೊಡ್ಡ ವಿದ್ಯೆ ಏನಲ್ಲ. ತೆಳು ಬಣ್ಣದಿಂದ ಗಾಢಕ್ಕೆ, ಕಡಿಮೆ ಕಹಿಯಿಂದ ಜಾಸ್ತಿಗೆ ಹೋಗಿ. ಗ್ಲಾಸ್ ಬಂದ ಕೂಡಲೇ ಮೊದಲು ಮೂಗು, ಆಮೇಲೆ ಬಾಯಿ, ಯಾಕಂದ್ರೆ ನೊರೆಯ ಜೊತೆ ವಾಸನೆ ಬೇಗ ಹಾರಿಹೋಗುತ್ತೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡಿ, ಅರ್ಧ ರುಚಿ ಅಲ್ಲೇ ಸಿಗೋದು. ಗ್ಲಾಸ್ ಒಳಗಿನ ಗೋಡೆಗೆ ಗುಳ್ಳೆ ಅಂಟಿಕೊಂಡಿದ್ರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ, ಬದಲಾಯಿಸಿ ಅಂತ ಕೇಳಿ, ಸಂಕೋಚ ಬೇಡ. ಫ್ರೀಜರ್‌ನಲ್ಲಿಟ್ಟ ಮಂಜು ಹಿಡಿದ ಮಗ್ ಕೊಟ್ರೂ ಬೇಡ ಅನ್ನಿ. ಮಸಾಲಾ ಪಾಪಡ್, ಖಾರದ ಕಡಲೆಬೀಜ ಆಮೇಲೆ ತಿನ್ನಿ. ನಾನು ಬ್ಯಾಗಲ್ಲಿ ಒಂದು ಹಿಡಿ ಖಾಲಿ ಮಂಡಕ್ಕಿ ಇಟ್ಟುಕೊಂಡಿರ್ತೀನಿ, ನಾಲಿಗೆ ತೊಳೆಯೋಕೆ ಅಷ್ಟು ಒಳ್ಳೇದು ಇನ್ನೊಂದಿಲ್ಲ. ವೇಟರ್‌ಗಳು ನಗ್ತಾರೆ, ನಗಲಿ.

ಅಂಕದ ವಿಷಯ: ಬಿಜೆಸಿಪಿ ಹಾಳೆಯಲ್ಲಿ ಒಟ್ಟು 50. ವಾಸನೆಗೆ 12, ನೋಟಕ್ಕೆ ಬರೀ 3, ರುಚಿಗೆ 20, ಬಾಯಲ್ಲಿ ಹೇಗನಿಸುತ್ತೆ ಅನ್ನೋದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನಾವು ಫೋಟೋ ತೆಗೆದು ಬಣ್ಣಕ್ಕೆ ಮರುಳಾಗಿ ಸ್ಟಾರ್ ಕೊಡ್ತೀವಲ್ಲ, ಅದಕ್ಕೆ ಅಲ್ಲಿ ಸಿಗೋದು ಮೂರೇ ಮೂರು.

ವಿಡಿಯೋದಲ್ಲಿ ಬಿಟ್ಟುಹೋಗಿದ್ದ ಮುಖ್ಯ ವಿಷಯ ಇದು. "ಬರೀ ರುಚಿ ನೋಡ್ತಿದ್ದೀನಿ" ಅನ್ನೋದು ನಮ್ಮನ್ನ ನಾವೇ ಯಾಮಾರಿಸಿಕೊಳ್ಳೋ ಮಾತು. ಲೆಕ್ಕ ಹಾಕೋಣ. ಸ್ಯಾಂಪ್ಲರ್ ತಟ್ಟೆಯಲ್ಲಿ 150 ಎಂಎಲ್‌ನ ಐದು ಗ್ಲಾಸ್ ಅಂದ್ರೆ 750 ಎಂಎಲ್. ಶೇ 5ರ ಬಿಯರ್ ಆದ್ರೆ 37.5 ಎಂಎಲ್ ಶುದ್ಧ ಆಲ್ಕೋಹಾಲ್. ಶೇ 42.8 ಇರೋ ವಿಸ್ಕಿಯ 30 ಎಂಎಲ್ ಪೆಗ್‌ನಲ್ಲಿ ಇರೋದು ಸುಮಾರು 12.8 ಎಂಎಲ್. ಅಂದ್ರೆ ನೀವು ಹತ್ತಿರ ಹತ್ತಿರ ಮೂರು ಪೆಗ್ ಹಾಕಿದ್ದೀರಿ, ಗೊತ್ತೇ ಆಗದ ಹಾಗೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಗಾಡಿ ಮನೆಯಲ್ಲೇ ಬಿಟ್ಟು ಹೋಗಿ, ಇಲ್ಲಾ ಒಂದು ತಟ್ಟೆಯನ್ನ ಮೂರು ಜನ ಹಂಚಿಕೊಂಡು ಕ್ಯಾಬ್ ಹಿಡೀರಿ. ನಾಲ್ಕನೇ ಗ್ಲಾಸ್ ಆದಮೇಲೆ ಬರೆದ ರಿವ್ಯೂ ಹೇಗೂ ನಂಬೋ ಹಾಗಿರಲ್ಲ. ನನ್ನ ಹಳೇ ನೋಟ್ಸ್ ನೋಡಿದ್ರೆ ಐದನೇ ಬಿಯರ್ ಯಾವಾಗ್ಲೂ "ಅದ್ಭುತ"!

ಆ ಎರಡು ಸ್ಟಾರ್ ರಿವ್ಯೂ ಅಳಿಸಿದೆ. ಏನಿತ್ತು, ನಾನೇನು ತಪ್ಪು ತಿಳಿದಿದ್ದೆ ಅಂತ ಹೊಸದಾಗಿ ಬರೆದೆ. ಅದಕ್ಕೆ ನಾಲ್ಕು ಲೈಕ್ ಬಂತು. ಗೋಧಿ ಬಿಯರ್ ಇನ್ನೂ ಬೋರ್ಡಿಗೆ ವಾಪಸ್ ಬಂದಿಲ್ಲ. ಆ ಜಾಗದಲ್ಲಿ ಈಗ ಸಿಹಿ ಜಾಸ್ತಿ ಇರೋ ಮಾವಿನಹಣ್ಣಿನ ಬಿಯರ್ ಇದೆ, ಚೆನ್ನಾಗಿ ಓಡ್ತಿದೆಯಂತೆ.

ಮನೆಯಲ್ಲಿ ಮಾಡಿ ನೋಡೋಕೆ ಒಂದು ಪ್ರಯೋಗ. ಯಾವುದಾದ್ರೂ ಒಂದು ಗೋಧಿ ಬಿಯರ್ ತನ್ನಿ, ಒಂದೇ ಸಾಕು, ಇಬ್ಬರು ಹಂಚಿಕೊಳ್ಳಿ. ಫ್ರಿಜ್‌ನಿಂದ ತೆಗೆದ ಕೂಡಲೇ ಅರ್ಧ ಸುರಿದು ಮೂಸಿ, ಏನೇನು ಸಿಕ್ತು ಅಂತ ಕನ್ನಡದಲ್ಲೇ ಬರ್ಕೊಳ್ಳಿ. ಉಳಿದರ್ಧ ಮುಚ್ಚಿ ಹೊರಗಿಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಮೂಸಿ. ತೀರಾ ತಣ್ಣಗಿದ್ದಾಗ ಅಡಗಿದ್ದ ವಾಸನೆಗಳು ಈಗ ಒಂದೊಂದಾಗಿ ಹೊರಗೆ ಬರ್ತವೆ. ಎರಡನೇ ಪಟ್ಟಿ ಮೊದಲನೇದಕ್ಕಿಂತ ಎಷ್ಟು ಉದ್ದ ಆಯ್ತು ಅಂತ ಕಾಮೆಂಟಲ್ಲಿ ಹಾಕಿ.