ಹಣ ಸಂದಿತು, ಸಾಮಾನು ಬಾರಲಿಲ್ಲ

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಮ್ಮ ಹಿರಿಯರು ಕೈಗಡ ಕೊಟ್ಟು ಕೆಟ್ಟವರನ್ನು ಕಂಡು ಆಡಿರಬೇಕು. ಈಗ ಆ ಮಾತು ಇನ್ನೊಂದು ವ್ಯವಹಾರಕ್ಕೂ ಸಲ್ಲುವಂತಾಗಿದೆ. ಅಂಗೈಯೊಳಗಿನ ಮೊಬೈಲೇ ಪೇಟೆಯಾಗಿ, ಸೀರೆಯಿಂದ ಮೊದಲ್ಗೊಂಡು ಔಷಧಿ ಸಿಂಪಡಿಸುವ ಪಂಪಿನವರೆಗೆ ಸಕಲ ವಸ್ತುಗಳೂ ಅದರಲ್ಲಿ ಮಾರಾಟಕ್ಕೆ ಇರುತ್ತವೆ. ಮುಖ ಕಾಣದ ಅಂಗಡಿಕಾರನಿಗೆ ಹಣವು ಕ್ಷಣಾರ್ಧದಲ್ಲಿ ಮುಟ್ಟುವದು. ಸಾಮಾನು ಮಾತ್ರ ಕೆಲವೊಮ್ಮೆ ಬಾರದೆ ಹೋಗುವದು. ಆಗ ಗೃಹಸ್ಥರು ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಕಾಣದ ವ್ಯಾಪಾರಿಯಿಂದ ಸಾಮಾನು ತರಿಸುವದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1877ರಲ್ಲಿಯೇ ಭಾರತದ ಅಂಚೆ ಖಾತೆಯು ವಿ. ಪಿ. ಪದ್ಧತಿಯನ್ನು ಜಾರಿಗೆ ತಂದಿತು. ಟಪಾಲಿನವನು ಗಂಟನ್ನು ಮನೆಬಾಗಿಲಿಗೆ ತಂದು ಹಣ ಪಡೆಯುತ್ತಿದ್ದನು; ಆ ಹಣವನ್ನು ಅಂಚೆ ಖಾತೆಯು ವ್ಯಾಪಾರಿಗೆ ತಲುಪಿಸುತ್ತಿತ್ತು. ಪುಸ್ತಕಗಳೂ ಗಡಿಯಾರಗಳೂ ಔಷಧಿಗಳೂ ಹೀಗೆಯೇ ಹಳ್ಳಿ ಸೇರುತ್ತಿದ್ದವು. ಸಾಮಾನು ಬಂದ ಮೇಲೆ ಹಣ ಎಂಬುದೇ ಅದರ ಜೀವಾಳ. ಹಣ ಮೊದಲು, ಸಾಮಾನು ಆಮೇಲೆ ಎಂದಾದಾಗಲೇ ಗಿರಾಕಿಯು ಎಚ್ಚರ ವಹಿಸಬೇಕಾಗುವದು.

ಇಂಡಿ ತಾಲೂಕಿನ ಸಾಲೋಟಗಿಯನ್ನು ಬಲ್ಲವರಿಗೆ ಅಲ್ಲಿಯ ಶಾಸನವು ನೆನಪಿಗೆ ಬಾರದಿರದು. ಆಗ ಪಾವಿಟ್ಟಗೆ ಎಂದು ಹೆಸರಾಗಿದ್ದ ಈ ಊರಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ವಿದ್ಯಾಶಾಲೆಯನ್ನು ಕಟ್ಟಿಸಿದನು. ವಿದ್ಯಾರ್ಥಿಗಳ ವಸತಿಗಾಗಿ 27 ಮನೆಗಳಿದ್ದುವೆಂದೂ, ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ ನಾಣ್ಯ ಶಾಲೆಗೆ ಸಲ್ಲಬೇಕೆಂದೂ 945ರ ಆ ಶಾಸನವು ಹೇಳುತ್ತದೆ. ಯಾರು, ಯಾವಾಗ, ಎಷ್ಟು ಕೊಡತಕ್ಕದ್ದು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದ್ದರಿಂದಲೇ ಸಾವಿರ ವರುಷಗಳ ಮೇಲೆಯೂ ಆ ಕರಾರು ನಮಗೆ ತಿಳಿದಿದೆ. ಕೊಳ್ಳುವವರಿಗೂ ಇದೇ ಮೊದಲನೆಯ ಪಾಠವು: ಬರೆದಿಟ್ಟದ್ದೇ ಉಳಿಯುವದು. ಆರ್ಡರಿನ ಸಂಖ್ಯೆ, ಹಣ ಸಂದ ಗುರುತು, ಸಾಮಾನು ಮುಟ್ಟಿಸುವೆನೆಂದ ದಿನಾಂಕ, ಮಾರುವವನ ಹೆಸರು ವಿಳಾಸ, ಇವುಗಳ ಚಿತ್ರವನ್ನು ಕೊಂಡ ದಿನವೇ ತೆಗೆದಿಡಬೇಕು.

ಸಾಮಾನು ಬಾರದಿರುವದರಲ್ಲಿಯೂ ಬಗೆಗಳುಂಟು. ಸಾಲೋಟಗಿಯ ಗೃಹಿಣಿಯೊಬ್ಬಳು ಮಗಳ ಮದುವೆಗೆಂದು ಸೀರೆಯನ್ನು ತರಿಸಿದಳೆಂದು ಎಣಿಸಿರಿ. ಅದು ತಡವಾಗಿರಬಹುದು, ಇಲ್ಲವೆ ದಾರಿ ತಪ್ಪಿರಬಹುದು. 1972ರ ಆಗಸ್ಟ್ 15ರಿಂದ ಬಳಕೆಗೆ ಬಂದ ಆರು ಅಂಕಿಗಳ ಪಿನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಗಂಟು ಬೇರೆ ಊರಿಗೆ ಹೋದೀತು. ವಿಜಯಪುರ ಸೀಮೆಯ ಸಂಖ್ಯೆಗಳು 586ರಿಂದ ಆರಂಭವಾಗುತ್ತವೆಂಬುದನ್ನು ನೆನಪಿಡುವದು ಲೇಸು. ಹಳ್ಳಿಗಳಲ್ಲಿ ತಂದವನು ಕಿರಾಣಿ ಅಂಗಡಿಯಲ್ಲಿಯೋ ನೆರೆಮನೆಯಲ್ಲಿಯೋ ಇಟ್ಟುಹೋಗುವದುಂಟು. ಮೊದಲು ಅಲ್ಲಿ ವಿಚಾರಿಸಬೇಕು.

‘ಸಾಮಾನು ಮುಟ್ಟಿತು’ ಎಂದು ಮೊಬೈಲು ಸಾರುತ್ತಿದ್ದು, ಕೈಗೆ ಏನೂ ಬಾರದಿದ್ದರೆ ವಿಷಯವು ಬೇರೆ. ಒಂದು ದಿನವನ್ನೂ ಕಳೆಯದೆ ಮಳಿಗೆಗೆ ತಕರಾರು ಸಲ್ಲಿಸಿ, ಯಾರ ಕೈಗೆ ಕೊಟ್ಟರು, ಅದಕ್ಕೆ ಪುರಾವೆ ಯಾವುದು ಎಂದು ಕೇಳಬೇಕು. ಗಂಟು ಕೈಗೆ ಬರುವ ಮುಂಚೆ ಒ.ಟಿ.ಪಿ. ಅಂಕಿಗಳನ್ನು ಯಾರಿಗೂ ಹೇಳಲಾಗದು; ಅದು ಸಾಮಾನು ಮುಟ್ಟಿತೆಂದು ರಸೀದಿ ಬರೆದುಕೊಟ್ಟಂತೆಯೇ ಸರಿ.

ತಕರಾರನ್ನು ಬಾಯಿಮಾತಿನಲ್ಲಿ ಮುಗಿಸಬಾರದು. ಕೋಪದ ಮಾತುಗಳಿಲ್ಲದೆ ಈ ರೀತಿ ಬರೆದರೆ ಸಾಕು:

‘ಮಾನ್ಯರೇ, ಇಂಥ ದಿನಾಂಕದಂದು ಇಂಥ ಸಂಖ್ಯೆಯ ಆರ್ಡರಿಗಾಗಿ ಇಷ್ಟು ರೂಪಾಯಿಗಳನ್ನು ಸಂದಾಯ ಮಾಡಿದ್ದೇನೆ. ಇಂಥ ದಿನದೊಳಗೆ ಮುಟ್ಟಬೇಕಾಗಿದ್ದ ಸಾಮಾನು ಈವರೆಗೆ ಮುಟ್ಟಿಲ್ಲ. ಪೂರ್ಣ ಹಣವನ್ನು ಮರಳಿಸಬೇಕು. ಈ ತಕರಾರಿಗೆ ಸಂಖ್ಯೆಯನ್ನು ಕೊಟ್ಟು ಲಿಖಿತ ಉತ್ತರವನ್ನು ಕಳಿಸಬೇಕು.’

‘ಮಾರುವವರು ಬೇರೆ, ನಾವು ನಡುವಿನವರು’ ಎಂದು ಮಳಿಗೆಯವರು ಜಾರಿಕೊಳ್ಳಲೆತ್ನಿಸಬಹುದು. 2020ರ ಜುಲೈ 23ರಂದು ಪ್ರಕಟವಾದ ಇ-ವಾಣಿಜ್ಯದ ನಿಯಮಗಳು ಇದಕ್ಕೆ ಎಡೆಗೊಡುವದಿಲ್ಲ. ಮಳಿಗೆಯು ತಕರಾರು ಕೇಳುವ ಅಧಿಕಾರಿಯನ್ನು ನೇಮಿಸಿ, ಅವರ ಹೆಸರನ್ನು ಪ್ರಕಟಿಸಬೇಕು. ತಕರಾರು ಬಂತೆಂಬುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರುವವನ ಹೆಸರು ವಿಳಾಸಗಳನ್ನು ಗಿರಾಕಿಗೆ ಕಾಣುವಂತೆ ಇಡಬೇಕು. ಇನ್ನು ಮಾರುವವನು, ಹೇಳಿದ ಅವಧಿಯನ್ನು ಮೀರಿ ಬಂದ ಸಾಮಾನನ್ನು ಹಿಂದಕ್ಕೆ ಪಡೆದು ಹಣ ಮರಳಿಸಲಿಕ್ಕೆ ಒಲ್ಲೆನೆನ್ನಕೂಡದು; ಕೈಮೀರಿದ ಆಪತ್ತಿನಿಂದ ತಡವಾದುದಕ್ಕೆ ಮಾತ್ರ ವಿನಾಯಿತಿಯುಂಟು. ಮದುವೆ ಮುಗಿದ ಮೇಲೆ ಬಂದ ಸೀರೆಯನ್ನು ಮರಳಿಸಲು ಆ ತಾಯಿಗೆ ಹಕ್ಕಿದೆಯೆಂದಾಯಿತು.

ಇಷ್ಟಕ್ಕೂ ಬಗ್ಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲಿಯೇ ಮಾತಾಡಬಹುದು. ಕಾರ್ಡಿನಿಂದ ಹಣ ಕೊಟ್ಟವರು ತಮ್ಮ ಬ್ಯಾಂಕಿನಲ್ಲಿಯೂ ಲಿಖಿತ ತಕರಾರು ಹಾಕಬೇಕು. ಕೊನೆಯ ಬಾಗಿಲು ಜಿಲ್ಲಾ ಗ್ರಾಹಕ ಆಯೋಗದ್ದು. 2019ರ ಕಾಯದೆಯ ದೊಡ್ಡ ಉಪಕಾರವೆಂದರೆ, ಫಿರ್ಯಾದಿಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಮಾರಿದವನು ದಿಲ್ಲಿಯಲ್ಲಿರಲಿ, ಸುರತದಲ್ಲಿರಲಿ, ಸಾಲೋಟಗಿಯವರು ವಿಜಯಪುರಕ್ಕೆ ಹೋದರೆ ಸಾಕು. ಐದು ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಎರಡು ವರುಷಗಳೊಳಗೆ ದಾವೆಯನ್ನು ಹಾಕಬೇಕು. ಆದರೆ ತಿರುಗಿ ಮಾರುವ ಸಲುವಾಗಿ ಸರಕು ತರಿಸಿದ ವ್ಯಾಪಾರಿಗೆ ಈ ಕಾಯದೆಯ ಆಸರೆಯಿಲ್ಲ. ತನ್ನ ಹೊಟ್ಟೆಪಾಡಿನ ಸ್ವಂತ ಕಸುಬಿಗಾಗಿ ಹೊಲಿಗೆಯಂತ್ರವನ್ನೋ ನಿಂಬೆಯ ತೋಟಕ್ಕೆ ಪಂಪನ್ನೋ ಕೊಂಡವನಿಗೆ ಉಂಟು.

ಅಂಗಡಿಯೇ ಸುಳ್ಳಾಗಿದ್ದರೆ ಅದು ವ್ಯಾಜ್ಯವಲ್ಲ, ಕಳ್ಳತನ. ಸಾವಿರದ ವಸ್ತುವನ್ನು ನೂರಕ್ಕೆ ಕೊಡುವೆನೆಂಬ ಜಾಹೀರಾತು, ವಿಳಾಸವಿಲ್ಲದ ಮಳಿಗೆ, ಹಣ ಬೇಗ ಕಳಿಸೆಂಬ ಅವಸರ, ಇವು ಅದರ ಲಕ್ಷಣಗಳು. ಮೋಸವು ತಿಳಿದ ಕೂಡಲೆ 1930 ಸಂಖ್ಯೆಗೆ ಫೋನು ಮಾಡಬೇಕು. ಹಣವು ಕೈಯಿಂದ ಕೈಗೆ ದಾಟುವ ಮುಂಚೆ ಅದನ್ನು ತಡೆಹಿಡಿಯುವ ಸಂಭವವಿರುತ್ತದೆ. ಗಾಯದ ಮೇಲೆ ಬರೆ ಎಳೆಯುವವರೂ ಇದ್ದಾರೆ. ಹಣ ಮರಳಿಸುವೆವೆಂದು ಹೇಳಿ ಪಿನ್ ಒತ್ತಿಸುವವರನ್ನು ನಂಬಬಾರದು. ಹಣ ಪಡೆಯಲಿಕ್ಕೆ ಪಿನ್ ಬೇಕಾಗುವದಿಲ್ಲ. ಕೊಡಲಿಕ್ಕೆ ಮಾತ್ರ ಬೇಕು.

ಇನ್ನೊಂದು ಮಾತು ಮನೆಯ ಯಜಮಾನರಿಗೆ. ಸಂಸಾರದ ಖರ್ಚಿನಲ್ಲಿ ಉಳಿಸಿದ ಹಣ ಹೋದಾಗ ಹೆಣ್ಣುಮಕ್ಕಳು ಬೈಗುಳಕ್ಕೆ ಅಂಜಿ ಸುಮ್ಮನಿರುವದುಂಟು. ಆ ಮೌನವೇ ಮೋಸಗಾರನ ಬಂಡವಾಳವು. ಅವಧಿಯು ಮೀರುವದು, ಪುರಾವೆಯು ಅಳಿಯುವದು. ‘ನಿನಗೇಕೆ ಬೇಕಾಗಿತ್ತು?’ ಎಂದು ಜರೆಯುವ ಬದಲು, ಕೂತು ತಕರಾರಿನ ಕಾಗದವನ್ನು ಬರೆಯಲಿಕ್ಕೆ ನೆರವಾಗಿರಿ. ಮೊಬಲಗು ಮುನ್ನೂರೇ ಇರಲಿ, ಮೂರು ಸಾವಿರವೇ ಇರಲಿ, ದುಡಿದು ಉಳಿಸಿದ್ದನ್ನು ಕೇಳಿ ಪಡೆಯುವದರಲ್ಲಿ ಸಣ್ಣತನವೇನೂ ಇಲ್ಲ.